ಬಂಡೆಗಿಂತ ಮೊದಲು ಗೇಟು: ಕೊಡಗಿನ ಹಾಸುಬಂಡೆ ಹತ್ತುವವರಿಗೆ

ಬಂಡೆ ಹತ್ತುವುದು ಅಂದ ಕೂಡಲೇ ಬೆರಳ ತುದಿಯಲ್ಲಿ ನೇತಾಡುವ ಮನುಷ್ಯ ಕಣ್ಣ ಮುಂದೆ ಬರುತ್ತಾನೆ. ಹಾಸುಬಂಡೆಯಲ್ಲಿ ಆ ಸಾಹಸವೆಲ್ಲ ಬೇಕಿಲ್ಲ. ಬಂಡೆ ಇಳಿಜಾರಾಗಿ ಮಲಗಿರುತ್ತದೆ, ಕೈಯಲ್ಲಿ ಹಿಡಿಯಲು ಅಂಚೂ ಇರುವುದಿಲ್ಲ, ಬಿರುಕೂ ಇರುವುದಿಲ್ಲ. ಶೂವಿನ ರಬ್ಬರು ಕಲ್ಲನ್ನು ಕಚ್ಚಿಕೊಳ್ಳುತ್ತದೆ ಅನ್ನುವ ಒಂದೇ ನಂಬಿಕೆಯ ಮೇಲೆ ಹೆಜ್ಜೆ ಇಡುತ್ತಾ ಹೋಗಬೇಕು. ಹೊಸಬರು ಕಲಿಯಲು ಇದಕ್ಕಿಂತ ಒಳ್ಳೆಯದು ಇಲ್ಲ. ಕೊಡಗಿನಲ್ಲಿ ಅಂಥ ಬಂಡೆಗಳಿಗೆ ಬರವೂ ಇಲ್ಲ. ಕಾಫಿ ತೋಟದ ತಲೆಯ ಮೇಲೆ, ಹುಲ್ಲುಗುಡ್ಡದ ಪಕ್ಕೆಯಲ್ಲಿ, ರಸ್ತೆಯ ತಿರುವಿನಲ್ಲಿ ಬೂದು ಬಣ್ಣದ ಬೆನ್ನು ತೋರಿಸಿಕೊಂಡು ಬಿದ್ದಿರುತ್ತವೆ.

ತೊಂದರೆ ಏನೆಂದರೆ ಎರಡು ಕಡೆಯಿಂದ ಇದು ಸುಲಭ ಅನ್ನಿಸುತ್ತದೆ. ಬಂಡೆ ಮಲಗಿದೆ, ಸುಮ್ನೆ ನಡೆದುಕೊಂಡೇ ಹೋಗಬಹುದು ಅನ್ನಿಸುತ್ತದೆ. ಸುತ್ತ ಬೇಲಿ ಇಲ್ಲ, ಬೋರ್ಡೂ ಇಲ್ಲ, ಯಾರದ್ದೂ ಅಲ್ಲದ ಜಾಗ ಅನ್ನಿಸುತ್ತದೆ. ಎರಡೂ ತಪ್ಪು ಲೆಕ್ಕ.

ಮೊದಲು ಕಲ್ಲಿನ ವಿಷಯ. ನಾವು ಎಲ್ಲವನ್ನೂ ಗ್ರಾನೈಟ್ ಅಂದುಬಿಡುತ್ತೇವೆ. ರಾಮನಗರದ ಬಂಡೆಗಳಿಗೆ ಆ ಹೆಸರು ಸರಿ, ಅವು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಕೊಡಗಿನಲ್ಲಿ ಹೆಚ್ಚಾಗಿ ಸಿಗುವುದು ಗ್ರಾನೈಟಿನ ನೆಂಟರಾದ ನೈಸ್ ಮತ್ತು ಚಾರ್ನೊಕೈಟ್. ವಯಸ್ಸಿನಲ್ಲಿ ಇವು ಅದಕ್ಕಿಂತ ಹಿರಿಯವು, 300 ಕೋಟಿ ವರ್ಷವನ್ನೂ ದಾಟಿದವು. ನೆಲದ ಆಳದಲ್ಲಿ ಬೆಂದು, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಕಲ್ಲುಗಳಿವು. ಚಾರ್ನೊಕೈಟ್ ಹೆಸರಿನ ಕತೆ ತಮಾಷೆಯದು. ಕೋಲ್ಕತ್ತದಲ್ಲಿರುವ ಜಾಬ್ ಚಾರ್ನಾಕ್ ಅನ್ನುವ ಈಸ್ಟ್ ಇಂಡಿಯಾ ಕಂಪನಿ ಅಧಿಕಾರಿಯ ಸಮಾಧಿಯ ಕಲ್ಲು ಈ ಜಾತಿಯದು ಎಂದು ಗುರುತಿಸಿದ ಭೂವಿಜ್ಞಾನಿ ಹಾಲೆಂಡ್, ಅವನ ಹೆಸರನ್ನೇ ಕಲ್ಲಿಗೆ ಇಟ್ಟರು. ಸಮಾಧಿಯ ಕಲ್ಲೊಂದರಿಂದ ದಕ್ಷಿಣ ಭಾರತದ ಅರ್ಧ ಬೆಟ್ಟಗಳಿಗೆ ಹೆಸರು ಬಂತು!

ಹತ್ತುವವರಿಗೆ ಇದರಿಂದ ಏನು? ನೈಸ್ ಕಲ್ಲಿನಲ್ಲಿ ಬಿಳಿ ಮತ್ತು ಕಪ್ಪು ಪಟ್ಟೆಗಳಿರುತ್ತವೆ. ಬಿಳಿ ಪಟ್ಟೆಯ ಸ್ಫಟಿಕ ಗಟ್ಟಿ, ಮಳೆಗಾಳಿಗೆ ಬೇಗ ಸವೆಯುವುದಿಲ್ಲ. ಕಪ್ಪು ಪಟ್ಟೆಯಲ್ಲಿ ಅಭ್ರಕ ಜಾಸ್ತಿ ಇದ್ದರೆ ಅದು ಬೇಗ ಕೊರೆದುಹೋಗುತ್ತದೆ. ಹಾಗಾಗಿ ಕೆಲವು ಕಡೆ ಬಿಳಿ ಪಟ್ಟೆ ಒಂದು ಬೆರಳಷ್ಟು ಎದ್ದು ನಿಂತಿರುತ್ತದೆ. ಕಾಲಿಡಲು ಅದೇ ಮೆಟ್ಟಿಲು. ಬಗ್ಗಿ, ಅಡ್ಡ ಬಿಸಿಲಿನಲ್ಲಿ ನೋಡಿದರೆ ಮಾತ್ರ ಈ ಉಬ್ಬುಗಳು ಕಾಣುತ್ತವೆ. ನಡು ಮಧ್ಯಾಹ್ನದ ಬಿಸಿಲಿಗೆ ಬಂಡೆ ಪೂರ್ತಿ ಚಪ್ಪಟೆಯಾಗಿ ಕಾಣುತ್ತದೆ.

ಇನ್ನೊಂದು ಗುಣ, ಇಂಥ ಬಂಡೆ ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಒಂದು ಕಾಲದಲ್ಲಿ ಆಳದಲ್ಲಿದ್ದ ಕಲ್ಲು, ಮೇಲಿನ ಮಣ್ಣಿನ ಭಾರ ಕೊಚ್ಚಿಹೋದ ಮೇಲೆ ಹಿಗ್ಗಿ, ಮೇಲ್ಮೈಗೆ ಸಮನಾಗಿ ಬಿರಿಯುತ್ತದೆ. ಹಾಸುಬಂಡೆಗೆ ಆ ನಯವಾದ ಬೆನ್ನು ಬಂದದ್ದೇ ಹೀಗೆ. ಆದರೆ ಬಿಚ್ಚಿದ ಪದರ ಇನ್ನೂ ಬೀಳದೆ ಅಲ್ಲೇ ಕೂತಿರಬಹುದು. ಗೆಣ್ಣಿನಿಂದ ತಟ್ಟಿ ನೋಡಿ. ಗಟ್ಟಿ ಕಲ್ಲು ಸದ್ದೇ ಮಾಡುವುದಿಲ್ಲ. ಟೊಳ್ಳಾದರೆ ಡಬ್ಬ ಬಡಿದ ಸದ್ದು ಬರುತ್ತದೆ. ಅಂಥ ಚಕ್ಕೆಯನ್ನು ಎಳೆಯಬಾರದು, ಅದರ ಮೇಲೆ ಭಾರವನ್ನೂ ಹಾಕಬಾರದು.

ಈಗ ಕಾಲು ಏಕೆ ಜಾರುವುದಿಲ್ಲ ಅನ್ನುವುದಕ್ಕೆ ಬರೋಣ. 60 ಕಿಲೋ ತೂಕದವರು 40 ಡಿಗ್ರಿ ಇಳಿಜಾರಿನಲ್ಲಿ ನಿಂತಿದ್ದಾರೆ ಅಂದುಕೊಳ್ಳಿ. ಆ ತೂಕ ಎರಡು ಪಾಲಾಗುತ್ತದೆ. ಸುಮಾರು 46 ಕಿಲೋದಷ್ಟು ಪಾದವನ್ನು ಬಂಡೆಗೆ ಒತ್ತುತ್ತದೆ, ಸುಮಾರು 39 ಕಿಲೋದಷ್ಟು ಕೆಳಕ್ಕೆ ಜಾರಿಸುತ್ತದೆ. ಎರಡನ್ನೂ ಕೂಡಿದರೆ 60 ಬರುವುದಿಲ್ಲವಲ್ಲ ಅನ್ನಬೇಡಿ. ಅವು ಬೇರೆ ಬೇರೆ ದಿಕ್ಕಿನ ಬಲಗಳು, ಹಾಗೆ ಕೂಡಿಸಲು ಬರುವುದಿಲ್ಲ. ಒತ್ತುವ ಬಲಕ್ಕೆ ತಕ್ಕ ಹಾಗೆ ಘರ್ಷಣೆ ಹುಟ್ಟುತ್ತದೆ. ಇಲ್ಲಿ ಒತ್ತುವುದು ಜಾರಿಸುವುದಕ್ಕಿಂತ ಜಾಸ್ತಿ, ಹಾಗಾಗಿ ಕ್ಲೈಂಬಿಂಗ್ ಶೂವಿನ ಅಂಟುವ ರಬ್ಬರು ಒಣ ಕಲ್ಲಿನ ಮೇಲೆ ನಿಲ್ಲುತ್ತದೆ. ಅದೇ ಬಂಡೆ 50 ಡಿಗ್ರಿಗೆ ಏರಿದರೆ ಲೆಕ್ಕ ಪೂರ್ತಿ ತಿರುಗುಮುರುಗು: ಒತ್ತುವುದು 39, ಜಾರಿಸುವುದು 46. ಬರೀ ಹತ್ತು ಡಿಗ್ರಿಯಲ್ಲಿ ಇಷ್ಟು ವ್ಯತ್ಯಾಸ. ಕೆಳಗೆ ಆರಾಮಾಗಿ ನಡೆದವರು ನಡುವೆ ಒಂದು ಉಬ್ಬು ಬಂದಾಗ ಗಕ್ಕನೆ ನಿಂತುಬಿಡುವುದು ಇದೇ ಕಾರಣಕ್ಕೆ.

ಭಯವಾದಾಗ ಎಲ್ಲರೂ ಮಾಡುವ ಕೆಲಸ ಒಂದೇ: ಬಂಡೆಗೆ ಒರಗಿ ಅದನ್ನು ತಬ್ಬಿಕೊಳ್ಳುವುದು. ಮನಸ್ಸಿಗೆ ಧೈರ್ಯ ಬರುತ್ತದೆ, ಆದರೆ ಕಾಲು ಜಾರುತ್ತದೆ. ಮೇಲಿನ 40 ಡಿಗ್ರಿಯ ಲೆಕ್ಕದಲ್ಲೇ, ಒರಗಿದಾಗ ಅಂಗೈ ಮೇಲೆ ಹತ್ತು ಕಿಲೋ ಒತ್ತಡ ಹೋಯಿತು ಅನ್ನಿ. ಆಗ ಪಾದದ ಪಾಲಿಗೆ 46ರ ಬದಲು 36 ಉಳಿಯುತ್ತದೆ. ಜಾರಿಸುವ 39 ಮಾತ್ರ ಹಾಗೇ ಇದೆ. ಬೆವರಿದ ಅಂಗೈ ಅದರಲ್ಲಿ ಎಷ್ಟನ್ನು ಹೊರುತ್ತದೆ ಹೇಳಿ? ಹಾಗಾಗಿ ಸೊಂಟ ಬಂಡೆಯಿಂದ ದೂರ, ಭಾರ ನೇರವಾಗಿ ಪಾದದ ಮೇಲೆ. ಕೈ ಬರೀ ತೂಗಿಕೊಳ್ಳಲು. ಹಿಮ್ಮಡಿಯನ್ನು ಕೆಳಗೆ ಬಿಡಿ, ಆಗ ಮುಂಗಾಲಿನ ರಬ್ಬರು ಅಗಲವಾಗಿ ಕೂತು ಕಲ್ಲಿನ ಹರಳುಗಳ ಸಂದಿಗೆ ಇಳಿಯುತ್ತದೆ, ಮೀನಖಂಡಕ್ಕೂ ನೋವಾಗುವುದಿಲ್ಲ. ಹೆಜ್ಜೆ ಚಿಕ್ಕದಿರಲಿ. ದೊಡ್ಡ ಹೆಜ್ಜೆ ಇಟ್ಟಾಗ ಹಿಂದಿನ ಕಾಲಿನಿಂದ ತಳ್ಳಬೇಕಾಗುತ್ತದೆ, ಆ ತಳ್ಳುವಿಕೆಯಲ್ಲೇ ಅದು ಜಾರುತ್ತದೆ. ಪಾದವನ್ನು ನೋಡಿಕೊಂಡು ಇಡಿ, ಇಟ್ಟ ಮೇಲೆ ತಿರುಚಬೇಡಿ. ಬಿಸಿಲಿಗೆ ಕಾದ ಬಂಡೆಯ ಮೇಲೆ ರಬ್ಬರು ಮೆತ್ತಗಾಗಿ ಹಿಡಿತ ಕಳೆದುಕೊಳ್ಳುತ್ತದೆ. ಬೆಳಗ್ಗೆ ಮಂಜು ಆರಿದ ಮೇಲಿನ ಒಂದೆರಡು ಗಂಟೆಯೇ ಒಳ್ಳೆಯ ಹೊತ್ತು.

ಇಷ್ಟೂ ಲೆಕ್ಕ ಒಣ ಕಲ್ಲಿಗೆ ಮಾತ್ರ. ಕೊಡಗಿನಲ್ಲಿ ಅದೇ ದೊಡ್ಡ ಷರತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂಡೆಯ ಸುದ್ದಿಯೇ ಬೇಡ. ಮಳೆ ನಿಂತ ಮೇಲೂ ಮೇಲಿನ ಹುಲ್ಲುಗಾವಲು ಹೀರಿಕೊಂಡ ನೀರು ವಾರಗಟ್ಟಲೆ ಒಸರುತ್ತಿರುತ್ತದೆ. ಬಂಡೆಯ ಮೇಲೆ ಉದ್ದಕ್ಕೆ ಇಳಿದಿರುವ ಕಪ್ಪು ಪಟ್ಟೆಗಳಿವೆಯಲ್ಲ, ಅದು ನೀರು ಹರಿಯುವ ಜಾಡು. ಪಾಚಿಯೇ ಆ ಕಪ್ಪು. ಒಣಗಿದಾಗ ಹೇಗೋ ನಡೆಯುತ್ತದೆ, ತೇವ ಇದ್ದರೆ ಕಾಲಿಟ್ಟ ಕ್ಷಣವೇ ಹೋಯಿತು. ಆ ಪಟ್ಟೆಯನ್ನು ಬಿಡಲು ಇನ್ನೊಂದು ಕಾರಣವೂ ಇದೆ. ಮಳೆಗಾಲದಲ್ಲಿ ಅಂಥ ಕಡೆ ಮೂಗು ಬಂಡೆಗೆ ತಾಗುವಷ್ಟು ಬಗ್ಗಿ ನೋಡಿ. ನೀರು ಕಾಗದದಷ್ಟು ತೆಳುವಾಗಿ ಹರಿಯುವ ಜಾಗದಲ್ಲಿ ಕಂದು ಬಣ್ಣದ, ಉದ್ದ ಬಾಲದ ಗೊದಮೊಟ್ಟೆಗಳು ಕಲ್ಲಿಗೆ ಅಂಟಿಕೊಂಡಿರಬಹುದು. ಬೆರಳು ಹತ್ತಿರ ತಂದರೆ ಬಾಲ ಬಡಿದು ಪಕ್ಕಕ್ಕೆ ಚಿಮ್ಮುತ್ತವೆ. ಇವು ಇಂಡಿರಾನಾ ಅನ್ನುವ ಗುಂಪಿನ ಕಪ್ಪೆಗಳ ಮರಿಗಳು. ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಜಾತಿ. ಇವಕ್ಕೆ ಕೆರೆ ಬೇಡ, ಒದ್ದೆ ಬಂಡೆ ಸಾಕು. ತಂತಿ ಬ್ರಷ್ ಹಿಡಿದು ಬಂಡೆಯನ್ನು ಉಜ್ಜಿ "ಕ್ಲೀನ್" ಮಾಡುವವರು ಇದನ್ನೊಮ್ಮೆ ನೋಡಬೇಕು.

ನವೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಹತ್ತಲು ಒಳ್ಳೆಯ ಕಾಲ. ಮಾರ್ಚ್ ಆಸುಪಾಸಿನ ಹೂಮಳೆ ಕಾಫಿಗೆ ವರ, ಬಂಡೆ ಹತ್ತುವವರಿಗೆ ಎಚ್ಚರಿಕೆ. ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಶುರುವಾಗುತ್ತದೆ. ಕಾಫಿ ಹೂವಿನ ಜೊತೆಗೆ ಹೆಜ್ಜೇನೂ ಬರುತ್ತದೆ. ಬಂಡೆಯ ಮೇಲ್ಭಾಗ ಚಾವಣಿಯಂತೆ ಮುಂದಕ್ಕೆ ಚಾಚಿದ್ದರೆ ಅದರ ಅಡಿಯಲ್ಲಿ ಗೂಡು ಇದೆಯೇ ಎಂದು ಕೆಳಗಿನಿಂದಲೇ ದುರ್ಬೀನಿನಲ್ಲಿ ನೋಡಿ. ಇದ್ದರೆ ಆ ದಿನ ಆ ಬಂಡೆ ಇಲ್ಲ ಅಷ್ಟೇ. ನೆಲದ ಮೇಲಾದರೆ ಓಡಬಹುದು, ಹಗ್ಗಕ್ಕೆ ಕಟ್ಟಿಕೊಂಡವರು ಎಲ್ಲಿಗೆ ಓಡುತ್ತಾರೆ?

ಸುಲಭದ ದಾರಿಗೂ ಹಗ್ಗ ಬೇಕಾ ಅನ್ನುವ ಪ್ರಶ್ನೆ ಯಾವಾಗಲೂ ಬರುತ್ತದೆ. ಬೇಕು. ಹಾಸುಬಂಡೆಯಲ್ಲಿ ಬಿದ್ದರೆ ಗಾಳಿಯಲ್ಲಿ ಬೀಳುವುದಿಲ್ಲ, ಉಜ್ಜಿಕೊಂಡು ಜಾರುತ್ತೀರಿ. ಮೊಣಕೈ, ಮಂಡಿ, ಅಂಗೈಯ ಚರ್ಮ ಕಲ್ಲಿನಲ್ಲೇ ಉಳಿಯುತ್ತದೆ, ಸಣ್ಣ ಉಬ್ಬಿಗೆ ಕಾಲು ಸಿಕ್ಕಿ ಹರಡು ಮುರಿಯುತ್ತದೆ. ಹಾಸುಬಂಡೆಗಳಲ್ಲಿ, ಹಗ್ಗ ಸಿಕ್ಕಿಸಲು ಕಲ್ಲಿಗೆ ಹೊಡೆದ ಬೋಲ್ಟುಗಳು ದೂರ ದೂರ ಇರುವುದೂ ಸಾಮಾನ್ಯ. ಕೊನೆಯ ಬೋಲ್ಟಿನಿಂದ 5 ಮೀಟರ್ ಮೇಲೆ ಹೋಗಿ ಜಾರಿದರೆ ಬೋಲ್ಟಿನವರೆಗೆ 5, ಅದರ ಕೆಳಗೆ ಮತ್ತೆ 5, ಜೊತೆಗೆ ಹಗ್ಗದ ಹಿಗ್ಗು. ಹತ್ತು ಮೀಟರಿಗೂ ಜಾಸ್ತಿ. ಆದ್ದರಿಂದ ಹೊಸಬರು ಮೇಲಿನಿಂದ ಹಗ್ಗ ಹಾಕಿಸಿಕೊಂಡೇ ಹತ್ತಬೇಕು. ಮೊದಲು ಹತ್ತುತ್ತಾ ಹಗ್ಗವನ್ನು ಮೇಲಕ್ಕೆ ಒಯ್ಯುವ ಕೆಲಸ ಅನುಭವಸ್ಥರದು, ಅದಕ್ಕೆ ಹಿಗ್ಗುವ ಡೈನಮಿಕ್ ಹಗ್ಗವೇ ಬೇಕು. ತಲೆಗೆ ಹೆಲ್ಮೆಟ್, ಸೊಂಟಕ್ಕೆ ಕಟ್ಟುವ ಹಾರ್ನೆಸ್ಸಿಗೆ ಎಂಟರ ಗಂಟು, ಹೊರಡುವ ಮೊದಲು ಒಬ್ಬರ ಗಂಟನ್ನು ಇನ್ನೊಬ್ಬರು ನೋಡುವುದು. ಇವೆಲ್ಲ ಓದಿ ಕಲಿಯುವಂಥದ್ದಲ್ಲ. ಕೈ ಹಿಡಿದು ಕಲಿಸುವವರು ಬೇಕು.

ಹಳೆಯ ಬೋಲ್ಟ್ ಕಂಡರೆ ಖುಷಿಪಡುವ ಮೊದಲು ಅದರ ಬುಡ ನೋಡಿ. ಈ ಮಳೆಯಲ್ಲಿ ಸಾಧಾರಣ ಉಕ್ಕು ಉಳಿಯುವುದಿಲ್ಲ. ಹೊರಗೆ ಕಾಣುವ ತಲೆಗೆ ಸ್ವಲ್ಪವೇ ತುಕ್ಕು ಹಿಡಿದಿದ್ದರೂ ಒಳಗಿನ ಕಡ್ಡಿ ಅರ್ಧ ತಿಂದುಹೋಗಿರಬಹುದು. ಬುಡದಿಂದ ಕೆಂಪು ನೀರು ಇಳಿದ ಗುರುತಿದ್ದರೆ ಅದನ್ನು ನಂಬಬೇಡಿ.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಹತ್ತುವಾಗ ಮುಂದಿನ ಹೆಜ್ಜೆಯ ಜಾಗ ಮುಖದ ಎದುರಿಗೇ ಇರುತ್ತದೆ. ಇಳಿಯುವಾಗ ಕಾಲಿನ ಕೆಳಗೆ ಏನೂ ಕಾಣದು. ಹಗ್ಗ ಇಲ್ಲದೆ, ಚಪ್ಪಲಿಯಲ್ಲೋ ಕ್ಯಾನ್ವಾಸ್ ಶೂವಿನಲ್ಲೋ ಫೋಟೊಗಾಗಿ ಮೇಲೆ ಹೋದವರು ಅಲ್ಲೇ ಕೂತು ಕಿರುಚುವುದು ಇದಕ್ಕೇ. ಹತ್ತುವ ಮೊದಲೇ ಇಳಿಯುವ ದಾರಿ ಗೊತ್ತಿರಬೇಕು: ಪಕ್ಕದ ಹುಲ್ಲುಗುಡ್ಡದಲ್ಲಿ ನಡೆದು ಬರುವುದೋ, ಹಗ್ಗದಲ್ಲಿ ಇಳಿಯುವುದೋ. 60 ಮೀಟರ್ ಹಗ್ಗವನ್ನು ಮಡಚಿ ಇಳಿದರೆ ಸಿಗುವುದು 30 ಮೀಟರ್ ಮಾತ್ರ. ಹಗ್ಗದ ಎರಡೂ ತುದಿಗೆ ಗಂಟು ಹಾಕಿ. ಮೈಮರೆತು ತುದಿ ದಾಟಿ ಬಿದ್ದವರಲ್ಲಿ ಅನುಭವಸ್ಥರೂ ಇದ್ದಾರೆ.

ಇನ್ನು ಗೇಟಿನ ಮಾತು, ಅಂದರೆ ಅನುಮತಿಯದು. ನನ್ನ ಮಟ್ಟಿಗೆ ಇದೇ ಹೆಚ್ಚು ಕಷ್ಟದ ಭಾಗ, ಏಕೆಂದರೆ ಕೊಡಗಿನಲ್ಲಿ ಜಾಗ ಯಾರದ್ದು ಅನ್ನುವುದು ನೋಡಿದ ಕೂಡಲೇ ಗೊತ್ತಾಗುವುದಿಲ್ಲ. ಒಂದೇ ಬಂಡೆಯ ಬುಡ ತೋಟದಲ್ಲಿ, ನಡು ಬಾಣೆಯಲ್ಲಿ, ತಲೆ ಮೀಸಲು ಅರಣ್ಯದಲ್ಲಿ ಇರಬಹುದು. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ನೋಡಬಹುದು, ಆ ನಂಬರಿನಿಂದ ಪಹಣಿ ತೆಗೆಯಬಹುದು. ಶುರು ಮಾಡಲು ಇಷ್ಟು ಸಾಕು, ಆದರೆ ಇಷ್ಟಕ್ಕೇ ಕೆಲಸ ಮುಗಿಯುವುದಿಲ್ಲ.

ಬಾಣೆ ಅಂದರೆ ಗದ್ದೆಯ ಜೊತೆಗೆ ಸೌದೆ, ಸೊಪ್ಪು, ಮೇವಿಗೆಂದು ಬಿಟ್ಟ ಗುಡ್ಡದ ಜಾಗ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಆದರೆ ಅದು ಒಬ್ಬರದ್ದಲ್ಲ, ಇಡೀ ಒಕ್ಕದ್ದು, ಅಂದರೆ ಮನೆತನದ್ದು. ಪಹಣಿಯಲ್ಲಿ ಸಾಲು ಸಾಲು ಹೆಸರುಗಳಿರುತ್ತವೆ. ದಾರಿಯಲ್ಲಿ ಸಿಕ್ಕ ಒಬ್ಬರು "ಹೋಗಿ ಹೋಗಿ, ಏನೂ ಆಗಲ್ಲ" ಅಂದರೆ ಅದು ಅನುಮತಿ ಆಗುವುದಿಲ್ಲ. ಆ ಮನೆತನದ ಮೂಲಮನೆಯಾದ ಐನ್‌ಮನೆಗೆ ಹೋಗಿ, ಮನೆತನದ ಮುಖ್ಯಸ್ಥರಾದ ಪಟ್ಟೆದಾರರನ್ನೋ ಅಲ್ಲಿ ಇರುವ ಹಿರಿಯರನ್ನೋ ಕೇಳಬೇಕು. ಹಾಗೆ ಹೋದರೆ ಕಾಫಿ ಕುಡಿಸದೆ ಕಳಿಸುವವರು ಕಡಿಮೆ. ಬಂಡೆಯ ಹತ್ತಿರ ಅವರ ಕೈಮಡ, ಅಂದರೆ ತೀರಿಕೊಂಡ ಹಿರಿಯರ ಗುಡಿ, ಇದ್ದರೆ ಅವರೇ ಹೇಳುತ್ತಾರೆ, ಅದರ ಹಿಂದಿನ ಕಲ್ಲು ಹತ್ತಬೇಡಿ ಎಂದು. ನಕ್ಷೆಯಲ್ಲಿ ಅದೆಲ್ಲ ಬರುವುದಿಲ್ಲ.

ಪೈಸಾರಿ ಅಂದರೆ ಸರ್ಕಾರಿ ಜಾಗ. ಸರ್ಕಾರದ್ದು ಅಂದರೆ ಎಲ್ಲರದ್ದೂ ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ. ಸಾಗುವಳಿಗೆ ಆಗದ್ದು ಎಂದು ಗುರುತಿಸಿದ ಸಿ ಮತ್ತು ಡಿ ದರ್ಜೆಯ ಜಾಗ ಕಂದಾಯ ಇಲಾಖೆಯದೋ ಅರಣ್ಯ ಇಲಾಖೆಯದೋ ಅನ್ನುವ ಜಗಳ ಜಿಲ್ಲೆಯಲ್ಲಿ ಜೋರಾಗಿಯೇ ಇದೆ. ಹಗ್ಗ, ಜಿಪಿಎಸ್ ಹಿಡಿದು ಗುಡ್ಡ ಸುತ್ತುವವರನ್ನು ಸರ್ವೆಗೆ ಬಂದವರು ಅಂದುಕೊಂಡು ಜನ ಸೇರಿದರೆ ಅವರನ್ನು ದೂರುವಂತಿಲ್ಲ. ಮೊದಲೇ ಊರಿನವರಿಗೆ, ಪಂಚಾಯಿತಿಗೆ ಹೇಳಿ ಹೋಗುವುದು ಒಳ್ಳೆಯದು.

ದೇವರಕಾಡು ಬೇರೆಯದೇ ವಿಷಯ. ಕೊಡಗಿನಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ. ಎಲ್ಲದರಲ್ಲೂ ಗುಡಿ ಇರುತ್ತದೆ ಅಂದುಕೊಳ್ಳಬೇಡಿ. ಮರದ ಬುಡದಲ್ಲಿ ಒಂದು ಕಲ್ಲು, ಪಕ್ಕದಲ್ಲಿ ಸಾಲಾಗಿ ಇಟ್ಟ ಮಣ್ಣಿನ ನಾಯಿಗಳು, ಕೆಲವು ಮಳೆಗೆ ಕರಗಿ ಕಿವಿ ಮೂಗು ಕಳೆದುಕೊಂಡವು. ಬೇಟೆಯ ದೇವರು ಅಯ್ಯಪ್ಪನಿಗೆ ಹರಕೆ ಒಪ್ಪಿಸಿದ ನಾಯಿಗಳವು. ಬಂಡೆಯ ಬುಡದಲ್ಲಿ ಇದು ಕಂಡರೆ ಹಗ್ಗ ಬ್ಯಾಗಿನಿಂದ ತೆಗೆಯಲೇಬೇಡಿ. ಕೇಳಿ ಒಪ್ಪಿಸುವ ಪ್ರಯತ್ನವೂ ಬೇಡ. ಊರ ಹಬ್ಬದ ಮುಂಚೆ ದೇವರ ಕಟ್ಟು ಬಿದ್ದಿರುವ ದಿನಗಳಲ್ಲಿ ಊರಿನವರೇ ಹಲವು ಕೆಲಸ ನಿಲ್ಲಿಸಿರುತ್ತಾರೆ. ಆಗ ಹೊರಗಿನವರು ಬಂದು ಗುಡ್ಡ ಹತ್ತಿ ಕೂಗಾಡಿದರೆ ಯಾರಿಗೆ ಸಹನೆ ಇರುತ್ತದೆ?

ಕಾಫಿ ತೋಟದಲ್ಲಿ ಕೇಳುವುದು ಎಲ್ಲಕ್ಕಿಂತ ಸುಲಭ, ಗೇಟಿನಲ್ಲಿ ಯಾರಾದರೂ ಇರುತ್ತಾರೆ. "ಅಣ್ಣಾ, ಸಾಹುಕಾರ್ರು ಇದ್ದಾರಾ? ಮೇಲಿನ ಪಾರೆ ಹತ್ತಬಹುದಾ ಅಂತ ಕೇಳಬೇಕಿತ್ತು" ಅಂದರೆ ಸಾಕು. ಸಾಹುಕಾರರು ಇಲ್ಲದಿದ್ದರೆ ತೋಟದ ಲೆಕ್ಕ ನೋಡುವ ರೈಟರ್ ಫೋನ್ ಮಾಡಿ ಕೇಳುತ್ತಾರೆ. ಎಷ್ಟು ಜನ, ಎಷ್ಟು ಹೊತ್ತಿಗೆ ಹೊರಗೆ ಬರುತ್ತೀರಿ, ಗಾಡಿ ಎಲ್ಲಿ ನಿಲ್ಲಿಸುತ್ತೀರಿ, ಏನಾದರೂ ಆದರೆ ಜವಾಬ್ದಾರಿ ಯಾರದ್ದು, ಇಷ್ಟನ್ನು ಅವರು ಕೇಳುವ ಮೊದಲೇ ನೀವೇ ಹೇಳಿ. ಒಂದು ವಿಷಯ ಹೊರಗಿನವರಿಗೆ ಹೊಳೆಯುವುದಿಲ್ಲ. ಬಂಡೆ ಹತ್ತಲು ಒಳ್ಳೆಯ ಕಾಲವೇ ಕಾಫಿ ಕುಯ್ಲಿನ ಕಾಲ. ಅರೇಬಿಕಾ ಮುಗಿಯುತ್ತಿದ್ದಂತೆ ರೋಬಸ್ಟಾ ಶುರು. ಹಣ್ಣು ಗಿಡದಲ್ಲಿ, ಕಾಫಿ ಕಣದಲ್ಲಿ. ಕಳ್ಳತನದ ಭಯ ಜಾಸ್ತಿ ಇರುವ ಆ ತಿಂಗಳುಗಳಲ್ಲಿ ದೊಡ್ಡ ಬ್ಯಾಗ್ ಹೊತ್ತ ಅಪರಿಚಿತರು ತೋಟದಲ್ಲಿ ಕಂಡರೆ ಏನನ್ನಿಸಬೇಕು?

ಸಂಜೆ ಕತ್ತಲಾಗುವ ಮೊದಲೇ ತೋಟದಿಂದ ಹೊರಗೆ ಬಂದಿರಬೇಕು. ಮೊದಲ ಕಾರಣ ಆನೆ. ಕೊಡಗಿನಲ್ಲಿ ಎಷ್ಟೋ ಆನೆಗಳು ಹಗಲು ತೋಟದೊಳಗೇ ನಿಂತಿದ್ದು ಕತ್ತಲಾದ ಮೇಲೆ ಓಡಾಡುತ್ತವೆ. ಇವತ್ತು ಯಾವ ಕಡೆ ಇವೆ ಎಂದು ಬೆಳಗ್ಗೆಯೇ ತೋಟದ ಕೆಲಸದವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಎರಡನೆಯದು, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸಿನಿಂದ ವಿನಾಯಿತಿ ಇರುವ ಜಿಲ್ಲೆ ಇದು. ರಾತ್ರಿ ಹೇಳದೆ ಕೇಳದೆ ತಲೆಗೆ ಟಾರ್ಚ್ ಕಟ್ಟಿಕೊಂಡು ಬೇರೆಯವರ ತೋಟದಲ್ಲಿ ತಿರುಗುವುದು ಜಾಣತನವಲ್ಲ.

ಕಾಡಿನ ಒಳಗಿನ ಬಂಡೆಗಳಿಗೆ ನಿಯಮ ಇನ್ನೂ ಬಿಗಿ. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಮೂರೂ ವನ್ಯಜೀವಿಧಾಮಗಳು, ಪೂರ್ವಕ್ಕೆ ನಾಗರಹೊಳೆ ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ಪ್ರಕಾರ ಇಂಥ ಕಡೆ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. 28ನೇ ಕಲಂ ಅನುಮತಿ ಯಾವ ಯಾವ ಕಾರಣಕ್ಕೆ ಸಿಗುತ್ತದೆ ಎಂದು ಹೇಳುತ್ತದೆ: ಅಧ್ಯಯನ, ಫೋಟೊ, ಸಂಶೋಧನೆ, ಪ್ರವಾಸ ಇತ್ಯಾದಿ. ಬಂಡೆ ಹತ್ತುವುದು ಅನ್ನುವ ಮಾತು ಅದರಲ್ಲಿಲ್ಲ. ಚಾರಣಕ್ಕೆ ಕೊಟ್ಟ ಚೀಟಿ ಚಾರಣದ ದಾರಿಗೆ ಮಾತ್ರ. ಆ ಚೀಟಿ ಜೇಬಿನಲ್ಲಿದೆ ಎಂದು ದಾರಿ ಬಿಟ್ಟು ಪಕ್ಕದ ಬಂಡೆಗೆ ಹೋದರೆ ಚೀಟಿ ಇಲ್ಲದವರಿಗೂ ನಿಮಗೂ ವ್ಯತ್ಯಾಸವಿಲ್ಲ. ಡ್ರಿಲ್ ಹಿಡಿದು ಬೋಲ್ಟ್ ಹೊಡೆಯುವ ಯೋಚನೆಯಂತೂ ಬೇಡವೇ ಬೇಡ.

ಚಾರಣದ ನಿಯಮ ಬಿಗಿಯಾದದ್ದು ಹೇಗೆ ಎಂದು ನೆನಪಿದೆಯಲ್ವಾ? 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನ ಜಾತ್ರೆಯಂತೆ ತುಂಬಿದ ವಿಡಿಯೊ ಎಲ್ಲರ ಮೊಬೈಲಿಗೂ ಬಂತು. ಅದರ ಬೆನ್ನಿಗೇ ಅರಣ್ಯ ಇಲಾಖೆ ಚಾರಣ ನಿಲ್ಲಿಸಿತು. ಅದೇ ವರ್ಷ ಅರಣ್ಯ ವಿಹಾರ ಜಾಲತಾಣದಲ್ಲಿ ಮುಂಗಡ ಬುಕಿಂಗ್ ಬಂತು, ಒಂದು ದಾರಿಗೆ ದಿನಕ್ಕೆ 300 ಜನ ಅನ್ನುವ ಮಿತಿ ಬಂತು. ಮಳೆಗಾಲಕ್ಕೆ, ಬೇಸಿಗೆಯ ಕಾಳ್ಗಿಚ್ಚಿನ ಕಾಲಕ್ಕೆ ದಾರಿಗಳನ್ನು ಮುಚ್ಚುವುದೂ ಉಂಟು. ಹೊರಡುವ ವಾರವೇ ನೋಡಿಕೊಳ್ಳಿ, ಹಿಂದಿನ ವರ್ಷ ಹೋದವರ ಮಾತು ನಂಬಿ ಹೋಗಬೇಡಿ.

ಬಂಡೆ ಹತ್ತುವವರಿಗೆ ರಾಮನಗರದ ಪಾಠ ಇನ್ನೂ ಹತ್ತಿರದ್ದು. ರಾಮದೇವರ ಬೆಟ್ಟ ಎಷ್ಟೋ ಜನ ಹಗ್ಗ ಹಿಡಿಯಲು ಕಲಿತ ಜಾಗ. ಅಲ್ಲಿನ ಕಡಿದಾದ ಬಂಡೆಗಳೇ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವ ಜಾಗವೂ ಹೌದು. 2012ರಲ್ಲಿ ಅದು ರಣಹದ್ದು ಧಾಮವಾಯಿತು, ಬಂಡೆ ಹತ್ತುವುದಕ್ಕೆ ತಡೆ ಬಂತು. ನನಗೆ ಅದು ಸರಿಯಾಗಿಯೇ ಕಾಣುತ್ತದೆ, ಹದ್ದಿಗೆ ಹೋಗಲು ಬೇರೆ ಬೆಟ್ಟ ಎಲ್ಲಿದೆ? ಕೊಡಗಿನ ಕಡಿದಾದ ಬಂಡೆಗಳಲ್ಲಿ ರಣಹದ್ದು ಇಲ್ಲದಿದ್ದರೂ ಶಾಹೀನ್ ಡೇಗೆ ಅನ್ನುವ ಬೇಟೆ ಹಕ್ಕಿ ಇರಬಹುದು. ಬಂಡೆಯ ಅಂಚಿನಿಂದ ಬಿಳಿ ಹಿಕ್ಕೆ ಇಳಿದ ಗುರುತು ಕಂಡರೆ, ಹಕ್ಕಿಯೊಂದು ತಲೆಯ ಮೇಲೆ ಕಿರುಚುತ್ತಾ ಸುತ್ತಿದರೆ ಅಲ್ಲಿಂದ ಇಳಿದುಬಿಡಿ.

ಕೇಳಿದಾಗ "ಬೇಡ" ಅನ್ನುವ ಉತ್ತರವೂ ಬರುತ್ತದೆ. ಕಾರಣ ಕೇಳುವ ಹಕ್ಕು ನಮಗಿಲ್ಲ. ಆಯ್ತು ಸಾರ್ ಎಂದು ನಗುತ್ತಾ ಹೊರಟವರಿಗೆ ಮುಂದಿನ ವರ್ಷ ಅದೇ ಗೇಟು ತೆರೆದರೂ ತೆರೆಯಬಹುದು. ಜಗಳ ಆಡಿದವರ ನಂತರ ಬರುವವರಿಗೆ ಖಂಡಿತ ತೆರೆಯುವುದಿಲ್ಲ. ಒಪ್ಪಿಗೆ ಸಿಕ್ಕರೂ ಜಾಗದ ಗುರುತನ್ನು ಇನ್‌ಸ್ಟಾಗ್ರಾಮಿಗೆ ಹಾಕುವ ಮೊದಲು ಮಾಲೀಕರನ್ನು ಇನ್ನೊಮ್ಮೆ ಕೇಳಿ. ಅವರು ಒಪ್ಪಿದ್ದು ನಿಮ್ಮ ನಾಲ್ಕು ಜನಕ್ಕೆ, ಮುಂದಿನ ಭಾನುವಾರ ಬರುವ ನಲವತ್ತು ಬೈಕಿಗೆ ಅಲ್ಲ.

ಕಲಿಯುವ ಆಸೆ ಇದ್ದು ಬಂಡೆ ಸಿಗದವರಿಗೆ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ರಾಜ್ಯ ಸರ್ಕಾರದ್ದೇ ಸಂಸ್ಥೆ, ಹೆಸರು ಮಡಿಕೇರಿಯಲ್ಲಿ ಹುಟ್ಟಿದ ಸೇನಾ ಮುಖ್ಯಸ್ಥರದು. ಅವರ ಶಿಲಾರೋಹಣ ಶಿಬಿರಗಳಲ್ಲಿ ಗಂಟು, ಹಗ್ಗ, ಹತ್ತುವವರ ಹಗ್ಗ ಹಿಡಿದು ಕಾಯುವ ಬಿಲೇ ಎಲ್ಲವನ್ನೂ ಮೊದಲಿನಿಂದ ಕಲಿಸುತ್ತಾರೆ, ಜಾಗದ ಅನುಮತಿಯನ್ನೂ ಅವರೇ ನೋಡಿಕೊಳ್ಳುತ್ತಾರೆ. ಅಲ್ಲಿ ಕಲಿತು ಬಂದು ಐನ್‌ಮನೆಯ ಅಂಗಳದಲ್ಲಿ ನಿಂತು ಕೇಳಿದರೆ, "ನಿಮಗೆ ಇದು ಬರುತ್ತಾ?" ಅನ್ನುವ ಮೊದಲ ಪ್ರಶ್ನೆಗೆ ಕೊಡಲು ಉತ್ತರ ಇರುತ್ತದೆ.